ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಮುಗಿದ ಮೇಲೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಣ್ಣನಿಗೆ ನಾಲಿಗೆಯ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು, ಆಮೇಲೆ ಆರು ವಾರ ರೇಡಿಯೇಷನ್. ಚಿಕಿತ್ಸೆ ಹೊತ್ತಲ್ಲಿ ತಲೆ ಅಲುಗದಂತೆ ಮುಖಕ್ಕೆ ಪ್ಲಾಸ್ಟಿಕ್ ಬಲೆಯಂಥ ಒಂದು ಮಾಸ್ಕ್ ಹಾಕುತ್ತಾರಲ್ಲ, ಕೊನೆಯ ದಿನ ಅದನ್ನು ಅವನ ಕೈಗೇ ಕೊಟ್ಟು ಕಳಿಸಿದರು. ಅದನ್ನು ಕಾರಿನ ಹಿಂದಿನ ಸೀಟಲ್ಲಿಟ್ಟುಕೊಂಡು "ಅಬ್ಬಾ, ಮುಗೀತು" ಅಂತ ಮನೆಗೆ ಬಂದೆವು. ಮುಗಿದಿರಲಿಲ್ಲ. ಅದರ ಮುಂದಿನ ಎರಡು ವಾರ ಅಲ್ಲಿಯವರೆಗಿನ ಎಲ್ಲಕ್ಕಿಂತ ಕಷ್ಟದ ದಿನಗಳಾದವು, ಅಷ್ಟೊತ್ತಿಗೆ ವಿಚಾರಿಸಲು ಬರುತ್ತಿದ್ದವರೂ ಕಡಿಮೆಯಾಗಿದ್ದರು.

ಆಮೇಲೆ ಇದೇ ದಾರಿಯಲ್ಲಿರುವ ಹಲವರು ನನ್ನ ಜೊತೆ ಮಾತಾಡಿದ್ದಾರೆ, ಪತ್ರ ಬರೆದಿದ್ದಾರೆ. ಹೆಚ್ಚು ಕಡಿಮೆ ಎಲ್ಲರ ಪ್ರಶ್ನೆಗಳೂ ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಸರಿ.

## ಮೊದಲ ಕೆಲವು ವಾರ

ರೇಡಿಯೇಷನ್ ಮುಗಿದು ಒಂದು ವಾರ ಆಯ್ತು, ನೋವು ಕಡಿಮೆ ಆಗೋ ಬದಲು ಜಾಸ್ತಿ ಆಗ್ತಿದೆ. ಏನಾದ್ರೂ ಎಡವಟ್ಟಾಗಿದೆಯಾ?

ಸಾಮಾನ್ಯವಾಗಿ ಇಲ್ಲ. ರೇಡಿಯೇಷನ್ನಿನ ಪರಿಣಾಮ ಮೆಷಿನ್ ನಿಲ್ಲಿಸಿದ ದಿನವೇ ನಿಲ್ಲುವುದಿಲ್ಲ. ಬಾಯಿಯ ಒಳಪದರ ದಿನಾ ಹೊಸದಾಗಿ ಹುಟ್ಟುತ್ತಾ, ಹಳೆಯದು ಉದುರುತ್ತಾ ಇರುತ್ತದೆ. ಈ ಹೊಸದಾಗಿ ಹುಟ್ಟುವ ಕೆಲಸಕ್ಕೆ ರೇಡಿಯೇಷನ್ ಪೆಟ್ಟು ಕೊಟ್ಟಿರುತ್ತದೆ. ಹಾಗಾಗಿ ಹುಣ್ಣು, ಉರಿ, ಅಂಟು ಜೊಲ್ಲು ಎಲ್ಲವೂ ಚಿಕಿತ್ಸೆಯ ಕೊನೆಯ ವಾರ ಮತ್ತು ಮುಗಿದ ಮೇಲಿನ ಒಂದೆರಡು ವಾರದಲ್ಲಿ ತುದಿ ಮುಟ್ಟುತ್ತವೆ. ಅಲ್ಲಿಂದ ನಿಧಾನಕ್ಕೆ ಇಳಿಯುತ್ತವೆ. ಕೀಮೋ ಜೊತೆಗೇ ಕೊಟ್ಟಿದ್ದರೆ ಇನ್ನೂ ಸ್ವಲ್ಪ ತಡ.

ಆದರೆ ಇಳಿಯುತ್ತಿದ್ದ ನೋವು ಇದ್ದಕ್ಕಿದ್ದಂತೆ ಏರಿದರೆ, ಅಥವಾ ನಾಲಿಗೆ ಮೇಲೆ, ಕೆನ್ನೆಯ ಒಳಗೆ ಮೊಸರು ಮೆತ್ತಿದ ಹಾಗೆ ಬಿಳಿ ಕಂಡರೆ ಅದು ಫಂಗಸ್ ಸೋಂಕು ಇರಬಹುದು. ಈ ಹೊತ್ತಲ್ಲಿ ಅದು ತುಂಬಾ ಮಾಮೂಲಿ, ಔಷಧಿಯೂ ಇದೆ. ಹುಣ್ಣು ಮಾಯುವಾಗಲೂ ಬಿಳಿ ಪೊರೆ ಕಾಣುತ್ತದೆ. ಯಾವುದು ಯಾವುದು ಅಂತ ನಾವು ಟಾರ್ಚ್ ಹಿಡಿದು ತೀರ್ಮಾನ ಮಾಡುವುದು ಬೇಡ, ತೋರಿಸಿಬಿಡಿ.

ಮೈಯಲ್ಲಿ ರೇಡಿಯೇಷನ್ ಉಳಿದಿರುತ್ತಾ? ಮನೇಲಿ ಪುಟ್ಟ ಮಗು ಇದೆ, ಹತ್ತಿರ ಬಿಡಬಹುದಾ?

ಬಿಡಿ. ಹೊರಗಿನಿಂದ ಮೆಷಿನ್ ಮೂಲಕ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಲೈಟ್ ಆರಿಸಿದ ಮೇಲೆ ಬೆಳಕು ಕೋಣೆಯಲ್ಲಿ ಉಳಿಯುತ್ತಾ? ಹಾಗೇ ಇದು. "ಕರೆಂಟ್ ಕೊಡೋದು" ಅಂತ ಹಲವರು ಕರೆಯುತ್ತಾರೆ, ಆದರೆ ಇದು ವಿದ್ಯುತ್ತೂ ಅಲ್ಲ, ಬಲವಾದ ಎಕ್ಸ್‌ರೇ. ಕ್ಯಾನ್ಸರ್ ಕೂಡ ಮುಟ್ಟಿದರೆ, ಮುತ್ತು ಕೊಟ್ಟರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವ ಕಾಯಿಲೆ ಅಲ್ಲ. ಕೆಲವರಿಗೆ ಬಾಯೊಳಗೇ ಸಣ್ಣ ನಳಿಗೆಗಳಿಟ್ಟು ರೇಡಿಯೇಷನ್ ಕೊಡುತ್ತಾರೆ. ಅವರಿಗೆ ಮಾತ್ರ ಅದು ಒಳಗಿರುವಷ್ಟು ಹೊತ್ತು ಬೇರೆ ನಿಯಮ, ಅದನ್ನು ಆಸ್ಪತ್ರೆಯವರೇ ಹೇಳುತ್ತಾರೆ.

ತಿರುಗಿಸಿ ಯೋಚಿಸಿ. ಅಪಾಯ ಇರುವುದು ಮಗುವಿಗಲ್ಲ, ಸುಸ್ತಾಗಿ ಮಲಗಿರುವವರಿಗೆ. ಮಗುವಿಗೆ ನೆಗಡಿ, ಜ್ವರ ಇದ್ದರೆ ನಾಲ್ಕು ದಿನ ದೂರ ಇಡಿ.

ಎಷ್ಟು ದಿನಕ್ಕೆ ಮೊದಲಿನ ಹಾಗೆ ಆಗ್ತಾರೆ?

ಈ ಪ್ರಶ್ನೆ ಕೇಳದವರೇ ಇಲ್ಲ. ದಿನದ ಲೆಕ್ಕ ಬಿಡಿ, ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಚರ್ಮ ಸುಮಾರು 2ರಿಂದ 4 ವಾರದಲ್ಲಿ ಮಾಯುತ್ತದೆ. ಬಾಯಿ ಹುಣ್ಣಿಗೆ ಸಾಮಾನ್ಯವಾಗಿ ಒಂದೂವರೆ ತಿಂಗಳವರೆಗೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸುಸ್ತು ತಿಂಗಳುಗಟ್ಟಲೆ ಇರುತ್ತದೆ. ರುಚಿ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಬಹುಪಾಲು ವಾಪಸ್ ಬರುತ್ತದೆ. ಜೊಲ್ಲು ಮಾತ್ರ ಪೂರ್ತಿ ಬರದೇ ಇರಬಹುದು.

ಒಟ್ಟು 60ರಿಂದ 70 ಗ್ರೇ (ರೇಡಿಯೇಷನ್ ಪ್ರಮಾಣ ಅಳೆಯುವ ಮಾನ) ಅಂತ ಫೈಲಲ್ಲಿ ಬರೆದಿರುತ್ತಾರೆ ನೋಡಿ, ವಾರಕ್ಕೆ ಐದು ದಿನದಂತೆ ಆರೇಳು ವಾರ. ಅದು ಸಣ್ಣ ಪ್ರಮಾಣ ಅಲ್ಲ. "ಇನ್ನೂ ಸುಧಾರಿಸಿಲ್ವಾ" ಅಂತ ಬಂದವರೆಲ್ಲ ಕೇಳುವಾಗ ಮಲಗಿರುವವರಿಗೆ ತಾನೇ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಆ ಪ್ರಶ್ನೆ ಅವರ ತನಕ ಹೋಗದಂತೆ ಬಾಗಿಲಲ್ಲೇ ತಡೆಯುವುದೂ ನಿಮ್ಮ ಕೆಲಸವೇ.

ಬಾಯಿ ಮುಕ್ಕಳಿಸೋಕೆ ಯಾವ ಮೌತ್‌ವಾಶ್ ಒಳ್ಳೇದು?

ಯಾವ ಬಾಟಲಿಯೂ ಬೇಕಿಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಾ ಹೊಸದಾಗಿ ಮಾಡಿಕೊಳ್ಳಿ. ಉಂಡ ಮೇಲೆ, ಮಲಗುವ ಮುಂಚೆ, ನಡುವೆ ನೆನಪಾದಾಗಲೆಲ್ಲ, ದಿನಕ್ಕೆ ಕಡಿಮೆ ಅಂದ್ರೂ ಐದಾರು ಸಲ. ನುಂಗಬಾರದು, ಉಗುಳಬೇಕು. ಗಂಟಲಲ್ಲಿ ದಾರದ ಹಾಗೆ ಎಳೆ ಎಳೆಯಾಗಿ ನಿಲ್ಲುವ ಅಂಟು ಜೊಲ್ಲನ್ನು ಸೋಡಾ ಸಡಿಲ ಮಾಡುತ್ತದೆ. ಉಪ್ಪು ಉರಿದರೆ ಉಪ್ಪು ಕಡಿಮೆ ಮಾಡಿ, ಮುಕ್ಕಳಿಸುವುದನ್ನು ಮಾತ್ರ ಬಿಡಬೇಡಿ.

ಅಂಗಡಿಯ ಮೌತ್‌ವಾಶ್‌ಗಳಲ್ಲಿ ಹಲವಕ್ಕೆ ಆಲ್ಕೋಹಾಲ್ ಹಾಕಿರುತ್ತಾರೆ. ಹುಣ್ಣಿನ ಬಾಯಿಗೆ ಅದು ಗಾಯಕ್ಕೆ ಖಾರ ಎರಚಿದ ಹಾಗೆ. ಹಲ್ಲುಜ್ಜಲು ಅತಿ ಮೃದುವಾದ, ಚಿಕ್ಕ ತಲೆಯ ಬ್ರಶ್ ತನ್ನಿ, ಬಿಸಿನೀರಲ್ಲಿ ಅದ್ದಿದರೆ ಇನ್ನೂ ಮೆತ್ತಗಾಗುತ್ತದೆ. ಕಟ್ಟು ಹಲ್ಲು ಇದ್ದರೆ ಹುಣ್ಣು ಮಾಯುವವರೆಗೆ ತೆಗೆದಿಡಿ.

ಕುತ್ತಿಗೆ ಚರ್ಮ ಕಪ್ಪಾಗಿ ಸುಲಿದು ಬರ್ತಿದೆ. ಏನು ಹಚ್ಚಲಿ?

ಡಾಕ್ಟರ್ ಬರೆದುಕೊಟ್ಟದ್ದು ಬಿಟ್ಟು ಬೇರೇನೂ ಬೇಡ. ಉಗುರುಬೆಚ್ಚಗಿನ ನೀರು, ಘಾಟಿಲ್ಲದ ಸೋಪು, ಉಜ್ಜದೆ ಒತ್ತಿ ಒರೆಸುವುದು, ಮೆತ್ತನೆ ಕಾಲರ್. ಬ್ಲೇಡ್ ಬೇಡ, ಸೆಂಟು ಬೇಡ, ಬಿಸಿಲಿಗೆ ಬಟ್ಟೆ ಮುಚ್ಚಿಕೊಳ್ಳಿ. ನೀರು ಸೋರುತ್ತಿದ್ದರೆ, ವಾಸನೆ ಬಂದರೆ ತೋರಿಸಿ. ಆ ಜಾಗಕ್ಕೆ ಬಿಸಿಲಿನ ಎಚ್ಚರ ಮುಂದೆಯೂ ಬೇಕು.

ಮಾರ್ಫಿನ್ ಕೊಟ್ಟಿದ್ದಾರೆ. ಚಟ ಆಗಿಬಿಟ್ಟರೆ?

ನಮ್ಮ ಮನೆಯಲ್ಲೂ ಇದೇ ಭಯ ಇತ್ತು. ಅಣ್ಣ ಮಾತ್ರೆ ನುಂಗದೆ ದಿಂಬಿನ ಕೆಳಗೆ ಇಡುತ್ತಿದ್ದ. ನೋವಿನಿಂದ ನುಂಗಲಿಲ್ಲ, ನುಂಗದೆ ತೂಕ ಇಳಿಯಿತು, ತೂಕ ಇಳಿದು ಗಾಯ ಮಾಯಲು ತಡವಾಯಿತು. ನೋವಿದ್ದಾಗ ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ತೆಗೆದುಕೊಂಡರೆ, ಮುಗಿಸುವಾಗ ಡಾಕ್ಟರ್ ಹೇಳಿದಂತೆ ಹಂತ ಹಂತವಾಗಿ ಇಳಿಸಿದರೆ ಚಟದ ಅಪಾಯ ಕಡಿಮೆ. ಮೊದಲು ಬೇರೆ ಚಟ ಇದ್ದವರಾದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಅವರು ನೋಡಿಕೊಂಡು ಕೊಡುತ್ತಾರೆ. ತಾವಾಗಿಯೇ ಜಾಸ್ತಿ ಮಾಡುವುದೂ ಬೇಡ, ದಿಢೀರನೆ ನಿಲ್ಲಿಸುವುದೂ ಬೇಡ. ಊಟಕ್ಕೆ ಎಷ್ಟು ಹೊತ್ತು ಮುಂಚೆ ಕೊಡಬೇಕು ಅಂತ ಕೇಳಿಟ್ಟುಕೊಳ್ಳಿ, ತುತ್ತು ಇಳಿಯುವುದು ಅದರ ಮೇಲೇ ನಿಂತಿದೆ. ಇದರಿಂದ ಮಲಬದ್ಧತೆ ಆಗೇ ಆಗುತ್ತದೆ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಕೇಳಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ ಆದರೆ ತಕ್ಷಣ ಆಸ್ಪತ್ರೆ.

## ಊಟ, ನುಂಗುವುದು

ಏನು ಮಾಡಿಕೊಟ್ಟರೂ ಬೇಡ ಅಂತಾರೆ. ಬಲವಂತ ಮಾಡಿದರೆ ಜಗಳ. ಹೇಗೆ ತಿನ್ನಿಸೋದು?

ಮೊದಲು ಒಂದು ಮಾತು ಒಪ್ಪಿಕೊಳ್ಳಿ: ಅವರು ಹಠ ಮಾಡುತ್ತಿಲ್ಲ. ಬಾಯಲ್ಲಿ ಹುಣ್ಣು, ಜೊಲ್ಲಿಲ್ಲ, ರುಚಿ ಇಲ್ಲ, ಪ್ರತಿ ತುತ್ತಿಗೂ ನೋವು. ನಾವಾದರೂ ಬೇಡ ಅನ್ನುತ್ತಿದ್ದೆವು, ಅಲ್ವಾ?

ಹಾಗಂತ ಬಿಡುವ ಹಾಗೂ ಇಲ್ಲ. ಈ ಹೊತ್ತಲ್ಲಿ ಮೈಗೆ ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅಂತ ಲೆಕ್ಕ. 60 ಕೆ.ಜಿ. ಇರುವವರಿಗೆ ಅಂದ್ರೆ 1,800 ಕ್ಯಾಲೊರಿ, 72ರಿಂದ 90 ಗ್ರಾಂ ಪ್ರೋಟೀನ್. ಆರೋಗ್ಯವಾಗಿರುವವರಿಗೇ ಇದು ಕಡಿಮೆ ಅಲ್ಲ. ಕಿಡ್ನಿ ತೊಂದರೆ ಇದ್ದರೆ ಲೆಕ್ಕ ಬೇರೆ, ಆಹಾರ ತಜ್ಞರನ್ನು ಕೇಳಿಯೇ ಮಾಡಿ.

ಮೂರು ಹೊತ್ತಿನ ಊಟ ಅನ್ನೋದನ್ನು ಮರೆತುಬಿಡಿ. ಎರಡು ಗಂಟೆಗೊಮ್ಮೆ ಅರ್ಧ ಲೋಟ. ಆ ಅರ್ಧ ಲೋಟದಲ್ಲೇ ಜಾಸ್ತಿ ಸತ್ವ ತುಂಬಿ: ನೀರಿನ ಬದಲು ಹಾಲು, ಹಾಲಿಗೆ ಇನ್ನಷ್ಟು ಹಾಲಿನ ಪುಡಿ, ಸೂಪಿಗೆ ಬೆಣ್ಣೆ, ಬೇಯಿಸಿದ ಬೇಳೆ ಅಥವಾ ಮೊಟ್ಟೆ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ. ತೆಳ್ಳನೆ ಸಾರು ಕುಡಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಬಿಸಿ ಬೇಡ, ಉಗುರುಬೆಚ್ಚಗೆ ಅಥವಾ ತಣ್ಣಗೆ. ಖಾರ, ಹುಳಿ, ಗರಿಗರಿ ಸದ್ಯಕ್ಕೆ ಬೇಡ.

ಮತ್ತೆ ಕಣ್ಣೆದುರು ನಿಂತು ತುತ್ತು ಎಣಿಸಬೇಡಿ. ಲೋಟ ಪಕ್ಕದಲ್ಲಿಟ್ಟು ನಿಮ್ಮ ಪಾಡಿಗೆ ಬೇರೆ ಕೆಲಸ ಮಾಡಿ. ನನಗೆ ಇದು ಗೊತ್ತಾಗಲು ಮೂರು ವಾರ ಹಿಡಿಯಿತು. "ಇನ್ನೊಂದು ಗುಟುಕು, ಇನ್ನೊಂದು ಗುಟುಕು" ಅಂತ ನಾನು ಹಿಂದೆ ಬಿದ್ದಷ್ಟೂ ಅವನು ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಹೊತ್ತು ತೂಕ ನೋಡಿ ಬರೆದಿಡಿ. ವಾರದಲ್ಲಿ ಒಂದು ಕೆ.ಜಿ.ಗಿಂತ ಜಾಸ್ತಿ ಇಳಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಫೋನ್ ಮಾಡಿ.

ಎಲ್ಲವೂ ಮಣ್ಣು ತಿಂದ ಹಾಗಿದೆ ಅಂತಾರೆ. ರುಚಿ ವಾಪಸ್ ಬರುತ್ತಾ?

ಬರುತ್ತದೆ, ಒಂದೊಂದೇ ರುಚಿ, ಹೇಳದೆ ಕೇಳದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಸುಳಿವು ಸಿಗುತ್ತದೆ, ಸರಿಹೋಗಲು ವರ್ಷವೂ ಆಗಬಹುದು, ಕೆಲವರಿಗೆ ಸ್ವಲ್ಪ ಕೊರತೆ ಉಳಿಯುತ್ತದೆ. ಲೋಹದ ರುಚಿ ಅನಿಸಿದರೆ ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್ ಅಥವಾ ಮರದ್ದು ಕೊಡಿ. ಹಳೇ ಇಷ್ಟದ ತಿಂಡಿಯನ್ನು ಈ ಹೊತ್ತಲ್ಲಿ ಆಸೆಯಿಂದ ಮಾಡಿಕೊಡುತ್ತಾರೆ ಎಲ್ಲರೂ. ನನ್ನ ಅಭಿಪ್ರಾಯ ಕೇಳಿದರೆ ಬೇಡ. ಅದು ಮಣ್ಣಿನ ಹಾಗೆ ಅನಿಸಿದಾಗ ಆಗುವ ಬೇಜಾರು ದೊಡ್ಡದು. ರುಚಿ ಬಂದ ಮೇಲೆ ಮಾಡಿ.

ಮೂಗಿನ ಪೈಪ್ ಹಾಕಿಸಿದರೆ ಮತ್ತೆ ಬಾಯಲ್ಲಿ ತಿನ್ನೋಕೇ ಆಗಲ್ಲವಂತೆ, ನಿಜವಾ?

ಪೈಪ್‌ನಿಂದ ಹಾಗೆ ಆಗುವುದಿಲ್ಲ. ಪೈಪ್ ಇದೆಯಲ್ಲ ಅಂತ ನುಂಗುವುದನ್ನೇ ಪೂರ್ತಿ ಬಿಟ್ಟರೆ ಆಗುತ್ತದೆ. ನುಂಗುವುದು ಸ್ನಾಯುಗಳ ಕೆಲಸ, ಬಳಸದಿದ್ದರೆ ಅವು ಸೊರಗುತ್ತವೆ, ರೇಡಿಯೇಷನ್ ಆದ ಜಾಗ ಗಟ್ಟಿಯಾಗುತ್ತದೆ. ಹಾಗಾಗಿ ಡಾಕ್ಟರ್ ಅಥವಾ ಸ್ಪೀಚ್ ಥೆರಪಿಸ್ಟ್ (ಮಾತಿನ ಜೊತೆ ನುಂಗುವ ತೊಂದರೆಯನ್ನೂ ನೋಡುವ ತಜ್ಞರು) "ಸುರಕ್ಷಿತ" ಅಂದಿದ್ದರೆ, ಪೈಪ್ ಇದ್ದಾಗಲೂ ದಿನಾ ನಾಲ್ಕು ಗುಟುಕು ನೀರಾದರೂ ಬಾಯಲ್ಲೇ ನುಂಗಬೇಕು.

ಮೂಗಿನ ಪೈಪ್ ಕೆಲವು ವಾರಕ್ಕೆ. ಅದಕ್ಕಿಂತ ಜಾಸ್ತಿ ದಿನ ಬೇಕಾದರೆ ಹೊಟ್ಟೆಗೆ ನೇರವಾಗಿ ಟ್ಯೂಬ್ ಇಡುತ್ತಾರೆ. ಎರಡಕ್ಕೂ ಕೆಲವು ನಿಯಮ ಒಂದೇ. ಕೂರಿಸಿ ಅಥವಾ ತಲೆ ಕಡೆ ಎತ್ತರ ಮಾಡಿ ಕೊಡಬೇಕು, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇರಿಸಬೇಕು. ಮೊದಲೂ ಆಮೇಲೂ ಸುಮಾರು 30 ಮಿಲಿ ನೀರು ಬಿಡಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಎಲ್ಲ ಮಾತ್ರೆಯನ್ನೂ ಪುಡಿ ಮಾಡಿ ಹಾಕುವ ಹಾಗಿಲ್ಲ, ನಿಧಾನವಾಗಿ ಬಿಡುಗಡೆ ಆಗುವ ಮಾತ್ರೆ ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಒಳಗೆ ಹೋಗುತ್ತದೆ. ಪೈಪ್ ಹೊರಗೆ ಬಂದರೆ ನೀವೇ ತೂರಿಸಲು ಹೋಗಬೇಡಿ. ಹೊಟ್ಟೆಯ ಟ್ಯೂಬ್ ಬಿದ್ದರೆ ಕೆಲವೇ ಗಂಟೆಗಳಲ್ಲಿ ತೂತು ಮುಚ್ಚಿಕೊಳ್ಳಬಹುದು, ತಡಮಾಡದೆ ಹೊರಡಿ.

ನೀರು ಕುಡಿದರೆ ಕೆಮ್ಮು ಬರುತ್ತೆ, ಗಟ್ಟಿ ತಿಂದರೆ ಬರಲ್ಲ. ಇದೇನು ವಿಚಿತ್ರ?

ವಿಚಿತ್ರ ಅಲ್ಲ. ನೀರು ಸರ್ರನೆ ಇಳಿಯುತ್ತದೆ, ಗಂಟಲಿಗೆ ಉಸಿರಿನ ದಾರಿ ಮುಚ್ಚಿಕೊಳ್ಳುವಷ್ಟು ಪುರುಸೊತ್ತು ಸಿಗುವುದಿಲ್ಲ. ಸ್ವಲ್ಪ ಶ್ವಾಸಕೋಶದ ಕಡೆ ಹೋಗುತ್ತದೆ. ಕೆಮ್ಮು ಬಂದರೆ ನಮಗೆ ಗೊತ್ತಾದರೂ ಆಗುತ್ತದೆ. ಕೆಲವರಿಗೆ ಗಂಟಲಿನ ಸ್ಪರ್ಶವೇ ಮಂದವಾಗಿ, ಕೆಮ್ಮೇ ಬರದೆ ಒಳಗೆ ಹೋಗುತ್ತಿರುತ್ತದೆ. ಉಂಡ ಮೇಲೆ ಧ್ವನಿ ಗೊರಗೊರ ಅನ್ನುವುದು, ಪದೇ ಪದೇ ಜ್ವರ, ಕಫ ಇದರ ಸುಳಿವು. ನ್ಯುಮೋನಿಯಾ ಆಗುವುದು ಹೀಗೇ.

ನುಂಗುವುದನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುವ ಪರೀಕ್ಷೆ ಇದೆ. ಅದನ್ನು ನೋಡಿ ಸ್ಪೀಚ್ ಥೆರಪಿಸ್ಟ್ ಯಾವ ಮಂದದ ದ್ರವ ಕೊಡಬೇಕು, ತಲೆ ಹೇಗೆ ಹಿಡಿಯಬೇಕು, ಯಾವ ವ್ಯಾಯಾಮ ಅಂತ ಹೇಳುತ್ತಾರೆ. ಗದ್ದ ಬಗ್ಗಿಸಿ ನುಂಗುವುದು ಒಬ್ಬರಿಗೆ ಉಪಕಾರ, ಇನ್ನೊಬ್ಬರಿಗೆ ಅಪಾಯ. ಬೇರೆಯವರಿಗೆ ಹೇಳಿದ್ದನ್ನು ನೀವು ಮಾಡಬೇಡಿ. ಎಲ್ಲರಿಗೂ ಸಲ್ಲುವ ಮಾತು ಇಷ್ಟೇ: ನೆಟ್ಟಗೆ ಕೂತು, ಟಿವಿ ಆರಿಸಿ, ಮಾತಾಡದೆ, ಸಣ್ಣ ಗುಟುಕು.

## ತಿಂಗಳುಗಳು ಕಳೆದ ಮೇಲೆ

ರಾತ್ರಿ ಪೂರ್ತಿ ಬಾಯಿ ಒಣಗುತ್ತೆ, ನಿದ್ದೇನೇ ಇಲ್ಲ. ಏನು ಮಾಡೋದು?

ಜೊಲ್ಲಿನ ಗ್ರಂಥಿಗಳು ರೇಡಿಯೇಷನ್ ತಡೆದುಕೊಳ್ಳುವುದಿಲ್ಲ. ಉಳಿದುಕೊಂಡ ಗ್ರಂಥಿ ಎಷ್ಟು ಅನ್ನುವುದರ ಮೇಲೆ ಒಂದೆರಡು ವರ್ಷದವರೆಗೂ ಸ್ವಲ್ಪ ಸ್ವಲ್ಪ ಸುಧಾರಿಸಬಹುದು. ಹಾಸಿಗೆ ಪಕ್ಕ ನೀರು, ಕೋಣೆಯಲ್ಲಿ ಹ್ಯೂಮಿಡಿಫೈಯರ್, ಮಲಗುವಾಗ ಹಚ್ಚುವ ಜೊಲ್ಲಿನ ಬದಲಿ ಜೆಲ್. ಹಗಲಲ್ಲಿ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಕ್ಸೈಲಿಟಾಲ್ ಇರುವುದಾದರೆ ಒಳ್ಳೆಯದು (ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಸಿಗದ ಹಾಗೆ ಇಡಿ, ನಾಯಿಗೆ ಕ್ಸೈಲಿಟಾಲ್ ವಿಷ). ಪೈಲೋಕಾರ್ಪಿನ್ ಅಂತ ಮಾತ್ರೆ ಇದೆ, ಉಳಿದ ಗ್ರಂಥಿಯನ್ನು ಎಬ್ಬಿಸುತ್ತದೆ. ಬೆವರು ಜಾಸ್ತಿ ಮಾಡುತ್ತದೆ, ಆಸ್ತಮಾ, ಗ್ಲಾಕೋಮಾ ಇರುವವರಿಗೆ ಆಗದೇ ಇರಬಹುದು, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಒಣ ಬಾಯಿಗೆ ಅಂತ ಸಿಹಿ ಪೆಪ್ಪರ್‌ಮೆಂಟ್ ಚೀಪುವುದು ಮಾತ್ರ ಬೇಡವೇ ಬೇಡ. ಯಾಕೆ ಅನ್ನುವುದು ಹಲ್ಲಿನ ಪ್ರಶ್ನೆಯಲ್ಲಿದೆ.

ಬಾಯಿ ಎರಡು ಬೆರಳಷ್ಟೂ ತೆರೆಯಲ್ಲ. ತಾನಾಗೇ ಸಡಿಲ ಆಗುತ್ತಾ?

ಇಲ್ಲ. ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಜೋರಾಗೇ ಹೇಳುತ್ತೇನೆ. ದವಡೆಯ ಸ್ನಾಯು ರೇಡಿಯೇಷನ್ನಿನಿಂದ ನಾರುಗಟ್ಟುತ್ತದೆ, ಅದು ತಿಂಗಳುಗಳಲ್ಲ, ವರ್ಷಗಟ್ಟಲೆ ನಡೆಯುವ ಕೆಲಸ. ಸುಮ್ನೆ ಬಿಟ್ಟರೆ ಬಿಗಿಯುತ್ತಲೇ ಹೋಗುತ್ತದೆ. ಅವರ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿದರೆ ಹಿಡಿಯಬೇಕು. 35 ಮಿ.ಮೀ.ಗಿಂತ ಕಡಿಮೆ ತೆರೆದರೆ ಡಾಕ್ಟರುಗಳು ಅದನ್ನು ಟ್ರಿಸ್ಮಸ್ ಅಂತ ಕರೆಯುತ್ತಾರೆ.

ಬಾಯಿ ತೆರೆಯದಿದ್ದರೆ ತುತ್ತು ಹೋಗುವುದಿಲ್ಲ, ಬ್ರಶ್ ಹೋಗುವುದಿಲ್ಲ, ಡಾಕ್ಟರಿಗೆ ಒಳಗೆ ಕಾಣುವುದೂ ಇಲ್ಲ. ಹೊಸ ಗಂಟು ಬಂದರೆ ಯಾರು ನೋಡುತ್ತಾರೆ?

ವ್ಯಾಯಾಮ ಸರಳ: ಆದಷ್ಟು ಅಗಲ ತೆರೆದು ಕೆಲವು ಸೆಕೆಂಡ್ ಹಿಡಿಯುವುದು, ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸುವುದು, ದಿನಕ್ಕೆ ಹಲವು ಸಲ. ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಮರದ ಕಡ್ಡಿಗಳನ್ನು ಒಟ್ಟಿಗೆ ಕಟ್ಟಿ ಹಲ್ಲಿನ ನಡುವೆ ಇಟ್ಟು, ಕೆಲವು ದಿನಕ್ಕೊಂದರಂತೆ ಹೆಚ್ಚಿಸುವ ಪದ್ಧತಿಯೂ ಇದೆ, ಕೈಯಲ್ಲಿ ಒತ್ತುವ ಉಪಕರಣಗಳೂ ಇವೆ. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. ಆಪರೇಷನ್ ಆದವರು ಶುರು ಮಾಡುವ ಮುಂಚೆ ಸರ್ಜನ್‌ನ ಕೇಳಿ. ಅಣ್ಣ ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಮಾಡುತ್ತಿದ್ದ. ಜಾಹೀರಾತಿಗೆ ಬರಗಾಲವಿಲ್ಲ, ಹಾಗಾಗಿ ವ್ಯಾಯಾಮವೂ ತಪ್ಪಲಿಲ್ಲ.

ಹಲ್ಲು ಹುಳುಕಾಗಿದೆ. ಪಕ್ಕದ ಡೆಂಟಿಸ್ಟ್ ಹತ್ರ ಕೀಳಿಸಿಬಿಡಲಾ?

ನಿಲ್ಲಿ. ರೇಡಿಯೇಷನ್ ಆದ ದವಡೆಗೆ ರಕ್ತ ಓಡಾಟ ಕಡಿಮೆ, ಅದರಲ್ಲೂ ಕೆಳದವಡೆಗೆ. ಹಲ್ಲು ಕಿತ್ತ ಗಾಯ ಮಾಯದೆ ಎಲುಬೇ ಸತ್ತು ಹೊರಗೆ ಕಾಣಿಸುವ ಹಂತಕ್ಕೆ ಹೋಗಬಹುದು. ಈ ಅಪಾಯ ಹತ್ತು ವರ್ಷ ಕಳೆದರೂ ಹೋಗುವುದಿಲ್ಲ. ಯಾವ ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಕುರ್ಚಿ ಮೇಲೆ ಕೂರುವ ಮುಂಚೆಯೇ "ಈ ದವಡೆಗೆ ಇಷ್ಟು ಗ್ರೇ ರೇಡಿಯೇಷನ್ ಆಗಿದೆ" ಅಂತ ಹೇಳಿ, ಫೈಲ್ ತೋರಿಸಿ, ನಿಮ್ಮ ಕ್ಯಾನ್ಸರ್ ಡಾಕ್ಟರ್ ಜೊತೆ ಮಾತಾಡಿಸಿ. ಕೀಳುವುದರ ಬದಲು ರೂಟ್ ಕೆನಾಲ್ ಮಾಡಿ ಉಳಿಸಲು ಆಗುತ್ತಾ ನೋಡುತ್ತಾರೆ.

ಹಲ್ಲು ಹುಳುಕಾಗದ ಹಾಗೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ಜೊಲ್ಲು ಹಲ್ಲನ್ನು ದಿನವಿಡೀ ತೊಳೆದು ಕಾಯುತ್ತಿರುತ್ತದೆ. ಅದಿಲ್ಲ ಅಂದ ಮೇಲೆ ಒಸಡಿನ ಅಂಚಲ್ಲಿ ಬೇಗ ಬೇಗ ಹುಳುಕು ಹಿಡಿಯುತ್ತದೆ. ಅದಕ್ಕೇ ಪೆಪ್ಪರ್‌ಮೆಂಟ್ ಬೇಡ ಅಂದದ್ದು. ಜಾಸ್ತಿ ಫ್ಲೋರೈಡ್ ಇರುವ ಪೇಸ್ಟ್ ಅಥವಾ ಜೆಲ್ಲನ್ನು ಬರೆಸಿಕೊಳ್ಳಿ, ಅದು ದಿನಾ, ಜೀವನಪೂರ್ತಿ. ಹಲ್ಲಿನ ತಪಾಸಣೆ ಆರು ತಿಂಗಳಿಗೊಮ್ಮೆಯಾದರೂ ಬೇಕು.

ಗದ್ದದ ಕೆಳಗೆ ಚೀಲದ ಹಾಗೆ ಊದಿದೆ. ಕ್ಯಾನ್ಸರ್ ವಾಪಸ್ ಬಂತಾ?

ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಡಿಮೆ, ಮೆತ್ತಗಿದೆ ಅಂದ್ರೆ ಹೆಚ್ಚಾಗಿ ಅದು ದುಗ್ಧರಸ (ಲಿಂಫ್, ಮೈಯೊಳಗೆ ಹರಿಯುವ ತಿಳಿ ದ್ರವ) ತುಂಬಿದ ಊತ. ಆಪರೇಷನ್, ರೇಡಿಯೇಷನ್ ಎರಡೂ ಅದು ಹರಿಯುವ ದಾರಿಯನ್ನು ಕೆಡಿಸಿರುತ್ತವೆ. ತಲೆ ಎತ್ತರ ಇಟ್ಟು ಮಲಗುವುದು, ತಿಳಿದ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಹಗುರ ಮಾಲಿಶ್‌ನಿಂದ ಇಳಿಯುತ್ತದೆ. ಗಟ್ಟಿ ಗಂಟು, ಒಂದೇ ಕಡೆ, ಇಡೀ ದಿನ ಒಂದೇ ತರ, ಬೆಳೆಯುತ್ತಿದೆ ಅಂದ್ರೆ ಬೇಗ ತೋರಿಸಿ. ಹೇಗಿದ್ದರೂ ಮಾಲಿಶ್ ಶುರು ಮಾಡುವ ಮುಂಚೆ ಒಮ್ಮೆ ಡಾಕ್ಟರ್ ಕೈ ಮುಟ್ಟಿ ನೋಡಲಿ.

ಕತ್ತು ಬಗ್ಗಿಸಿದರೆ ಬೆನ್ನಲ್ಲಿ ಶಾಕ್ ಹೊಡೆದ ಹಾಗಾಗುತ್ತೆ ಅಂತಾರೆ.

ಕತ್ತಿಗೆ ರೇಡಿಯೇಷನ್ ಆದ ಕೆಲವರಿಗೆ ಎರಡರಿಂದ ನಾಲ್ಕು ತಿಂಗಳ ಆಸುಪಾಸಲ್ಲಿ ಹೀಗಾಗುತ್ತದೆ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತದೆ. ಮುಂದಿನ ಭೇಟಿಯಲ್ಲಿ ಹೇಳಿ. ಕೈಕಾಲು ಶಕ್ತಿ ಕಡಿಮೆಯಾದರೆ, ಜೋಮು ಹೋಗದಿದ್ದರೆ ಮಾತ್ರ ಕಾಯಬೇಡಿ.

ವರ್ಷ ಆಯ್ತು, ಇನ್ನೂ ಸುಸ್ತು, ಚಳಿ ಚಳಿ, ತೂಕ ಏರ್ತಿದೆ. ಸೋಮಾರಿತನ ಬಂದುಬಿಡ್ತಾ?

ಥೈರಾಯ್ಡ್ ನೋಡಿಸಿ. ಆ ಗ್ರಂಥಿ ಇರುವುದು ಕುತ್ತಿಗೆಯಲ್ಲೇ. ರೇಡಿಯೇಷನ್ ತಾಗಿದ್ದರೆ ತಿಂಗಳುಗಳ ಮೇಲೋ, ವರ್ಷಗಳ ಮೇಲೋ ಮಂದವಾಗಬಹುದು. ಟಿಎಸ್ಎಚ್ ರಕ್ತ ಪರೀಕ್ಷೆಯನ್ನು 6ರಿಂದ 12 ತಿಂಗಳಿಗೊಮ್ಮೆ ಮಾಡಿಸಬೇಕು. ದಿನಾ ಒಂದು ಮಾತ್ರೆಯಲ್ಲಿ ಸರಿಹೋಗುವ ವಿಷಯಕ್ಕೆ ಪಾಪ ಎಷ್ಟು ಜನ ಸೋಮಾರಿ ಅನ್ನಿಸಿಕೊಂಡಿದ್ದಾರೋ.

## ಮನಸ್ಸು, ಮಾತು, ಮನೆ

ಮಾತೇ ಆಡಲ್ಲ. ಆಡಿದರೆ ಸಿಟ್ಟು. ಏನು ಮಾಡಲಿ?

ಎರಡನ್ನು ಬೇರೆ ಮಾಡಿ ನೋಡಿ. ಒಂದು, ಮಾತಾಡಲು ನೋವು ಅಥವಾ ನಾಲಿಗೆ ತಿರುಗುವುದಿಲ್ಲ. ಇನ್ನೊಂದು, ಮನಸ್ಸು ಕುಸಿದಿದೆ. ಮೊದಲನೆಯದಕ್ಕೆ ಬರೆಯಲು ಒಂದು ಸ್ಲೇಟ್, ಕರೆಯಲು ಒಂದು ಗಂಟೆ, ಹೌದು-ಇಲ್ಲ ಅಂತ ಉತ್ತರ ಕೊಡಬಹುದಾದ ಪ್ರಶ್ನೆ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಅರ್ಥ ಆಗದಿದ್ದರೆ ಅರ್ಥ ಆದ ಹಾಗೆ ತಲೆಯಾಡಿಸಬೇಡಿ, ಅದು ಅವರಿಗೆ ಗೊತ್ತಾಗುತ್ತದೆ. "ಇನ್ನೊಂದ್ಸಲ ಹೇಳು" ಅನ್ನುವುದರಲ್ಲಿ ಅವಮಾನ ಇಲ್ಲ.

ಎರಡನೆಯದು, ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂದರೆ, ಅದನ್ನು ಬೇಜಾರಿನ ಮಾತು ಅಂತ ತೇಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗೇ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರಿಗೆ ಹೇಳಿ. ಇದಕ್ಕೂ ಚಿಕಿತ್ಸೆ ಇದೆ.

ಎಲ್ಲರ ಜೊತೆ ಊಟಕ್ಕೆ ಕೂರೋದೇ ಇಲ್ಲ ಅಂತಾರೆ.

ಬಾಯಿಂದ ಸೋರುತ್ತದೆ, ಹೊತ್ತು ಹಿಡಿಯುತ್ತದೆ, ಎಲ್ಲರೂ ನೋಡುತ್ತಾರೆ. ನಾಚಿಕೆ ಸಹಜ. ಊಟ ಅವರು ಒಬ್ಬರೇ ಮೊದಲು ಮುಗಿಸಲಿ, ಆಮೇಲೆ ಎಲ್ಲರ ಜೊತೆ ಒಂದು ಲೋಟ ಏನಾದರೂ ಹಿಡಿದು ಕೂರಲಿ. ಜೊತೆಗಿರಲು ತಿನ್ನಲೇಬೇಕು ಅಂತೇನಿಲ್ಲ. ನಮ್ಮ ಮನೆಯಲ್ಲಿ ಅಣ್ಣ ಮತ್ತೆ ಮೇಜಿಗೆ ಬಂದದ್ದು ಏಳನೇ ತಿಂಗಳಲ್ಲಿ, ಯಾರೂ ಕರೆಯದೆ. ಯಾರೂ ಏನೂ ಅನ್ನಲಿಲ್ಲ, ನೀರಿನ ಜಗ್ ಅವನ ಕಡೆ ಸರಿಸಿದೆವು ಅಷ್ಟೇ.

ಕದ್ದು ತಂಬಾಕು ಹಾಕ್ತಿದ್ದಾರೆ ಅನ್ನೋ ಅನುಮಾನ. ಹೇಗೆ ಕೇಳಲಿ?

ಪೊಲೀಸರ ಹಾಗೆ ಜೇಬು ಹುಡುಕಬೇಡಿ. ತಂಬಾಕು, ಅಡಿಕೆ, ಮದ್ಯ ಮೂರೂ ಗಾಯ ಮಾಯುವುದನ್ನು ಕೆಡಿಸುತ್ತವೆ, ಬಾಯಿಯ ಇನ್ನೊಂದು ಜಾಗದಲ್ಲಿ ಹೊಸ ಕ್ಯಾನ್ಸರ್ ಹುಟ್ಟಿಸಬಹುದು. ಇದು ಅವರಿಗೂ ಗೊತ್ತು. ಗೊತ್ತಿದ್ದೂ ಬಿಡಲಾಗದೇ ಇರುವುದಕ್ಕೇ ಚಟ ಅನ್ನುವುದು. "ಬಿಡೋಕೆ ಔಷಧಿ ಇದೆಯಂತೆ, ಇಬ್ಬರೂ ಹೋಗಿ ಕೇಳೋಣ" ಅನ್ನಿ. ಮತ್ತೆ ಮನೆಯಲ್ಲಿ ಇನ್ಯಾರಾದರೂ ಹಾಕುತ್ತಿದ್ದರೆ ಅವರೂ ಬಿಡಬೇಕು, ಕಣ್ಣೆದುರು ಇಟ್ಟುಕೊಂಡು ಬೇಡ ಅನ್ನುವುದು ನ್ಯಾಯವಲ್ಲ.

ನನಗೇ ಸಾಕಾಗಿದೆ. ಹೀಗನ್ನಿಸೋದು ತಪ್ಪಾ?

ತಪ್ಪಲ್ಲ. ವಾರಕ್ಕೆ ಅರ್ಧ ದಿನ ಬೇರೆ ಯಾರಿಗಾದರೂ ವಹಿಸಿ ಹೊರಗೆ ಹೋಗಿ. "ಏನಾದ್ರೂ ಬೇಕಾದ್ರೆ ಹೇಳಿ" ಅಂದವರಿಗೆ ನಿರ್ದಿಷ್ಟವಾಗಿ ಹೇಳಿ: ಗುರುವಾರ ಔಷಧಿ ತಂದುಕೊಡಿ, ಶನಿವಾರ ಎರಡು ಗಂಟೆ ಜೊತೆಗಿರಿ. ದೂರದಲ್ಲಿರುವವರು ಅಪಾಯಿಂಟ್‌ಮೆಂಟ್, ಬಿಲ್ಲು, ರಿಪೋರ್ಟುಗಳ ಹೊಣೆ ಹೊರಬಹುದು. ನಿಮ್ಮ ಬಿಪಿ ಮಾತ್ರೆ ತಪ್ಪುತ್ತಿದೆಯಾ ಅಂತಲೂ ನೋಡಿಕೊಳ್ಳಿ. ನನ್ನದು ತಪ್ಪಿತ್ತು.

## ಮುಂದಿನ ತಪಾಸಣೆಗಳು

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮುಖ್ಯವಾಗಿ ಕೀಮೋ ಆಗಿದ್ದವರಿಗೆ. ನೀರೂ ಇಳಿಯದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ. ಉಸಿರಾಡುವಾಗ ಸೀಟಿಯಂಥ ಸದ್ದು ಬಂದರೆ. ಬಾಯಿಂದ ಅಥವಾ ಕುತ್ತಿಗೆ ಗಾಯದಿಂದ ಹಸಿ ರಕ್ತ ಬಂದರೆ, ಸ್ವಲ್ಪವೇ ಬಂದು ನಿಂತರೂ ಸರಿ. ಕುತ್ತಿಗೆಯಲ್ಲಿ ರಕ್ತ ಜೋರಾಗಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿಹಿಡಿದು ಆಂಬ್ಯುಲೆನ್ಸ್ ಕರೆಯಿರಿ. ಅಷ್ಟು ತುರ್ತಲ್ಲದ, ಆದರೆ ಬೇಗ ತೋರಿಸಬೇಕಾದವು: ಮಾಯದೆ ಎರಡು ಮೂರು ವಾರ ಉಳಿದ ಹುಣ್ಣು, ಹೊಸ ಗಂಟು, ಒಂದೇ ಕಿವಿಯಲ್ಲಿ ಬಿಡದ ನೋವು, ಒಸಡಿನಲ್ಲಿ ಕಾಣುವ ಎಲುಬು.

ಸ್ಕ್ಯಾನ್ ಈಗಲೇ ಮಾಡಿಸಿಬಿಟ್ಟರೆ ನಿಶ್ಚಿಂತೆ ಅಲ್ವಾ? ಯಾಕೆ ಮೂರು ತಿಂಗಳು ಕಾಯಿಸ್ತಾರೆ?

ಈಗ ಮಾಡಿಸಿದರೆ ನಿಶ್ಚಿಂತೆ ಅಲ್ಲ, ಚಿಂತೆ ಜಾಸ್ತಿ. ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಕೂಡ ಹೊಳೆಯುತ್ತದೆ, ರೇಡಿಯೇಷನ್ನಿನ ಉರಿಯೂತವೂ ಹೊಳೆಯುತ್ತದೆ. ಉರಿಯೂತ ಆರಲು ಸುಮಾರು 12 ವಾರ ಕೊಡುತ್ತಾರೆ. ಆ 12 ವಾರ ನರಕ, ಒಪ್ಪುತ್ತೇನೆ. ಆದರೆ ಸುಳ್ಳು ಬೆಳಕು ನೋಡಿ ಬೇಡದ ಬಯಾಪ್ಸಿ ಮಾಡಿಸುವುದು ಅದಕ್ಕಿಂತ ಕೆಟ್ಟದ್ದು.

ಐದು ವರ್ಷ ಆಯ್ತು, ಕ್ಲಿಯರ್ ಅಂದಿದ್ದಾರೆ. ಇನ್ನೂ ಆಸ್ಪತ್ರೆಗೆ ಅಲೆಯಬೇಕಾ?

ವಾಪಸ್ ಬರುವುದಾದರೆ ಹೆಚ್ಚಿನವು ಮೊದಲ ಎರಡು ವರ್ಷದಲ್ಲೇ ಬರುತ್ತವೆ. ಅದಕ್ಕೇ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೇ ವರ್ಷ 2ರಿಂದ 6 ತಿಂಗಳಿಗೊಮ್ಮೆ, ಐದನೇ ವರ್ಷದವರೆಗೆ 4ರಿಂದ 8 ತಿಂಗಳಿಗೊಮ್ಮೆ ಕರೆಯುತ್ತಾರೆ. ಆಮೇಲೆ ವರ್ಷಕ್ಕೊಮ್ಮೆ ಸಾಕು, ಆದರೆ ಅದು ಬೇಕು. ಹೊಸ ಕ್ಯಾನ್ಸರ್, ಥೈರಾಯ್ಡ್, ದವಡೆ ಎಲುಬು, ನಿಧಾನವಾಗಿ ಬಿಗಿಯುವ ಗಂಟಲು, ಇವು ಯಾವುದಕ್ಕೂ ಐದು ವರ್ಷದ ಗಡಿ ಗೊತ್ತಿಲ್ಲ. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಟ್ಟಿದ್ದರೆ ಕಿವಿ ಪರೀಕ್ಷೆಯನ್ನೂ ಕೇಳಿ. ಹಳೇ ಡಿಸ್ಚಾರ್ಜ್ ಹಾಳೆ ಮತ್ತು ಎಷ್ಟು ಗ್ರೇ, ಯಾವ ಜಾಗಕ್ಕೆ ಅಂತ ಬರೆದಿರುವ ಹಾಳೆಯ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಅವರ ಹತ್ತಿರ, ಇನ್ನೊಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮುಂದೆ ಹಲ್ಲಿನ ಡಾಕ್ಟರ್ ಮೊದಲು ಕೇಳುವುದು ಅದನ್ನೇ.